ಬೂಟಕ್ಕನ ಹುದ್ದೆ

ಗೋಡೆಗೆ ಅಂಟಿಸಿದ ಹಾಳೆ ನೋಡಿ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಮಕ್ಕಳ ಬೂಟುಗಳನ್ನು ಆನ್‌ಲೈನಿನಲ್ಲಿ ಮಾರುವ ಅವರ ಅಂಗಡಿಯಲ್ಲಿ ಯಾರ ಕೆಲಸ ಯಾವುದು ಎಂದು ಗಂಡ ವಾರವಿಡೀ ಕೂತು ಚೌಕಗಳನ್ನು ಬರೆದಿದ್ದ. ಬಂಡವಾಳ ಹಾಕಲು ಬರುವ ಹೆಂಗಸಿಗೆ ತೋರಿಸಬೇಕಲ್ಲ. ಎಲ್ಲಕ್ಕಿಂತ ಮೇಲಿನ ಚೌಕದಲ್ಲಿ ಅವನೇ, ಮುಖ್ಯಸ್ಥ. ಕೆಳಗೆ ಗೋದಾಮಿಗೆ ಮೈದುನ. ಪೆಟ್ಟಿಗೆಗೆ ಟೇಪು ಸುತ್ತುವುದಕ್ಕೂ ಅತ್ತಿಗೆಯನ್ನು ಕೂಗುವ ಮಹಾನುಭಾವ. ಪಕ್ಕದಲ್ಲಿ ‘ಗ್ರಾಹಕ ಸೇವೆ: ಬೂಟಕ್ಕ’. ಅವಳ ಹೆಸರು ಎಲ್ಲೂ ಇರಲಿಲ್ಲ. ತಳದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ‘ಮನೆಯವರ ಸಹಕಾರ’ ಎಂದಿತ್ತು.

ಬೂಟಕ್ಕ ಎಂಬ ಹೆಂಗಸು ಈ ಭೂಮಿಯ ಮೇಲೆ ಹುಟ್ಟಿಯೇ ಇಲ್ಲ. ಅಂಗಡಿ ಶುರುವಾದ ಹೊಸತರಲ್ಲಿ, ದೊಡ್ಡ ಸಂಸ್ಥೆಯ ಹಾಗೆ ಕಾಣಲಿ ಎಂದು ಗಂಡನೇ ಆ ಹೆಸರು ಕಟ್ಟಿದ್ದ. ಆ ಹೆಸರಿನಲ್ಲಿ ಉತ್ತರ ಬರೆಯುತ್ತಿದ್ದವಳು ಅವಳು. ಮಗುವಿನ ಪಾದವನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದು ಫೋಟೊ ಕಳಿಸಿ ಎಂದು ಕೇಳುವ ರೂಢಿ ತಂದವಳೂ ಅವಳೇ. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಫೋನು ಹಿಡಿದು, ಯಾರದ್ದೋ ಮಗುವಿನ ಹೆಬ್ಬೆರಳಿಗೆ ಎಷ್ಟು ಜಾಗ ಬೇಕೆಂದು ತಲೆ ಕೆಡಿಸಿಕೊಳ್ಳುತ್ತಿದ್ದಳು. ಅಳತೆ ಸರಿಯಿಲ್ಲವೆಂದು ಪೆಟ್ಟಿಗೆಗಳು ವಾಪಸ್ ಬರುವುದು ನಿಂತದ್ದು ಅದರಿಂದ. ಹೊಗಳಿಕೆ ಮಾತ್ರ ಬೂಟಕ್ಕನಿಗೆ.

“ಇದರಲ್ಲಿ ನಾನೆಲ್ಲಿದ್ದೀನಿ?” ಎಂದು ಕೇಳಿದಳು.

“ನೀನು ಮನೆಯವಳಲ್ವಾ, ನಿನ್ನನ್ನ ಚೌಕದೊಳಗೆ ಹಾಕೋಕಾಗುತ್ತಾ?” ಎಂದ ಗಂಡ, ಕಂಪ್ಯೂಟರಿನಿಂದ ಕಣ್ಣೆತ್ತದೆ. “ಬೂಟಕ್ಕ ಅನ್ನೋದು ಒಂದು ಹುದ್ದೆ ಅಷ್ಟೇ. ದುಡ್ಡು ಬಂದ್ಮೇಲೆ ಯಾರನ್ನಾದ್ರೂ ಸಂಬಳಕ್ಕೆ ಇಟ್ಕೊಳ್ತೀವಿ. ನಿನಗೂ ಆರಾಮ.”

“ನಾನು ಆರಾಮ ಕೇಳಿದ್ನಾ?”

“ತಲೆ ತಿನ್ಬೇಡ. ಅವರು ಬರೋ ಹೊತ್ತಾಯ್ತು.”

ಇಲ್ಲದ ಹೆಂಗಸಿಗೆ ಚೌಕ, ಹುದ್ದೆ, ಸಂಬಳ, ಇರುವವಳಿಗೆ ಆರಾಮ. ನಾಳೆ ಯಾವಳೋ ಬಂದು ತನ್ನ ಕೆಲಸದಲ್ಲಿ ಕೂರುತ್ತಾಳೆ, ತಾನು ಮೈದುನನಿಗೆ ಟೇಪು ಹುಡುಕಿಕೊಡುತ್ತ ಓಡಾಡಬೇಕು. ಅವನ ಕಂಪ್ಯೂಟರನ್ನು ಎತ್ತಿ ಕುಕ್ಕಬೇಕೆನ್ನಿಸಿತು.

ಬಂಡವಾಳದ ಹೆಂಗಸು ಬಂದರು, ವಯಸ್ಸಾದವರು, ಮಾತು ಕಡಿಮೆ. ಗಂಡ ಒಂದೊಂದೇ ಚೌಕ ತೋರಿಸಿ ಬಾಯಿ ನೋಯುವಷ್ಟು ವಿವರಿಸಿದ. ಅವರು ನಡುವೆಯೇ ಒಂದು ಚೌಕದ ಮೇಲೆ ಬೆರಳಿಟ್ಟು ತಡೆದರು.

“ಈ ಬೂಟಕ್ಕ ಎಲ್ಲಿ? ನನ್ನ ಮೊಮ್ಮಗಳ ಒಂದು ಪಾದ ಸ್ವಲ್ಪ ಚಿಕ್ಕದು. ಎರಡಕ್ಕೂ ಬೇರೆ ಬೇರೆ ಅಳತೆಯ ಬೂಟು ಕಳಿಸಿದ್ಲು. ನಾನು ಬಂದಿರೋದೇ ಅವಳನ್ನ ನೋಡೋಕೆ.”

ಗಂಡ ಒಂದು ಕ್ಷಣವೂ ತಡವರಿಸಲಿಲ್ಲ. “ಅವರು ಇವತ್ತು ರಜೆ ಮೇಲಿದ್ದಾರೆ.”

ಅವರು! ಹೆಂಡತಿಗೆ ಎಂದೂ ಸಿಗದ ಬಹುವಚನ, ಇಲ್ಲದವಳಿಗೆ ಸಿಕ್ಕಿತ್ತು.

“ರಜೆ ಅಲ್ಲ, ಕೆಲಸ ಬಿಟ್ಟಿದ್ದಾಳೆ,” ಎಂದಳು.

“ಯಾವಾಗ?” ಎಂದರು ಆ ಹೆಂಗಸು.

“ಈಗ. ಬೂಟಕ್ಕ ನಾನೇ. ಆ ಹಾಳೆಯಲ್ಲಿ ನಾನಿಲ್ಲ ಅಂದ್ಮೇಲೆ ಇವರಿಗೆ ಬೂಟಕ್ಕನೂ ಇಲ್ಲ.”

ಮೈದುನ ನೆಲ ನೋಡಿದ. “ಒಳಗೆ ಬಾ, ಮಾತಾಡೋಣ,” ಎಂದು ಗಂಡ ಪಿಸುಗುಟ್ಟಿದ. ಅವಳು ಕದಲಲಿಲ್ಲ.

ಆ ಹೆಂಗಸು ಕನ್ನಡಕ ತೆಗೆದು ಗಂಡನನ್ನು ನೋಡಿದರು. “ಹಾಗಾದ್ರೆ ಈ ಅಂಗಡಿ ಬಗ್ಗೆ ನಾನು ಯಾರ ಜೊತೆ ಮಾತಾಡ್ಬೇಕು?”

ಗಂಡ ಬಾಯಿ ತೆರೆದ.

“ನನ್ನ ಜೊತೆ,” ಎಂದಳು ಅವಳು.