ಒಂಟೆಯಕ್ಕನ ಬಾಯಾರಿಕೆ

ಕಿರೀಟಕ್ಕಾಗಿ, ಸಿಂಹಾಸನಕ್ಕಾಗಿ ನಡೆದ ಯುದ್ಧಗಳ ಕಥೆ ಎಲ್ಲರಿಗೂ ಗೊತ್ತು. ಅಷ್ಟೇ ಗಂಭೀರವಾಗಿ ಹೇಳಬೇಕಾದದ್ದು ಅಂಗೈಯಗಲದ ಒಂದು ಮರದ ಹಲಗೆಯ ವಿಷಯ. ಅಂಗಿ ಹೊಲಿಯುವ ಆ ಕಾರ್ಖಾನೆಯಲ್ಲಿ ಸಾಲಿಗೊಂದೇ ಹಲಗೆ. ಅದು ಕೈಯಲ್ಲಿದ್ದವಳು ಮಾತ್ರ ಮಿಷನ್ ಬಿಟ್ಟೆದ್ದು ಕಕ್ಕಸಿಗೆ ಹೋಗಬಹುದು. ಅವಳು ಬಂದು ಅದನ್ನು ಮೊಳೆಗೆ ತೂಗುಹಾಕುವ ತನಕ ಉಳಿದವರು ತೊಡೆ ಬಿಗಿಹಿಡಿದು ಹೊಲಿಯಬೇಕು. ಕೆಲಸಕ್ಕೆ ಅವಸರವಿದ್ದ ದಿನ ಸೂಪರ್‌ವೈಸರ್ ಹಲಗೆಯನ್ನು ತನ್ನ ಜೇಬಿಗೇ ಇಳಿಸಿಬಿಡುತ್ತಿದ್ದ.

ಕಾಲರ್ ಕೂರಿಸುವ ಒಂಟೆಯಕ್ಕನಿಗೆ ಈ ಹಲಗೆಯ ಹಂಗಿರಲಿಲ್ಲ. ಸಂಜೆಯ ಗಂಟೆಯವರೆಗೆ ತೊಟ್ಟು ನೀರು ಕುಡಿಯದ್ದಕ್ಕೇ ಆ ಹೆಸರು ಬಂದದ್ದು. ಮೊದಮೊದಲು ಹೆದರಿ ಕುಡಿಯುತ್ತಿರಲಿಲ್ಲ. ಆಮೇಲೆ ತನಗೆ ಬಾಯಾರಿಕೆಯೇ ಆಗುವುದಿಲ್ಲವೆಂದು ಹೇಳತೊಡಗಿದಳು. ಹೇಳಿ ಹೇಳಿ ತಾನೂ ನಂಬಿದಳು. ಉರಿಮೂತ್ರವಾದರೆ ತನ್ನದು ಉಷ್ಣದ ಮೈ ಎಂದಳು, ತಲೆ ಸುತ್ತಿದರೆ ವಯಸ್ಸು ಎಂದಳು. ನೀರು ಕುಡಿಯುವುದೂ ಹೊಗೆಸೊಪ್ಪಿನ ಹಾಗೆ ಒಂದು ಚಟ, ಬಿಟ್ಟರೆ ಬಿಡುತ್ತದೆ ಎಂಬುದು ಅವಳ ವೇದಾಂತ. ಮನೆಗೆ ಬಂದ ಮೇಲೆ ಮಾತ್ರ ಕೊಡವನ್ನೇ ಬಗ್ಗಿಸಿಕೊಂಡು ಗಟಗಟ ಕುಡಿಯುತ್ತಿದ್ದಳು. ಅದು ಬಾಯಾರಿಕೆಯಲ್ಲವಂತೆ, ಗಂಟಲಿನ ಧೂಳು ಇಳಿಯಲಿಕ್ಕಂತೆ.

ಸೊಸೆಯನ್ನು ಅದೇ ಸಾಲಿಗೆ ಸೇರಿಸಿದಾಗ ಅವಳಿಗೂ ಇದೇ ಪಾಠವಾಯಿತು. ಸೊಸೆ ಈಗ ತುಂಬು ಬಸುರಿ. ಆಸ್ಪತ್ರೆಯ ನರ್ಸಮ್ಮ, ಚೆನ್ನಾಗಿ ನೀರು ಕುಡಿ, ಉಚ್ಚೆ ಕಟ್ಟಬೇಡ, ಕೂಸಿಗೆ ಕೇಡು ಎಂದು ಬೈದು ಕಳಿಸಿದ್ದಳು. ನರ್ಸಮ್ಮ ಯಾವತ್ತಾದರೂ ಕಾಲರ್ ಹೊಲಿದಿದ್ದಾಳಾ ಎಂದು ಕೇಳಿ ಅತ್ತೆ ಮಾತು ಮುಗಿಸಿದ್ದಳು.

ಅಂದು ಮಾಲು ಲಾರಿ ಏರಬೇಕಿತ್ತು. ಹಲಗೆ ಜೇಬಿನಲ್ಲಿತ್ತು. ಸೊಸೆ ಮೊದಲ ಸಲ ಕೇಳಿದಾಗ ಸೂಪರ್‌ವೈಸರ್ ಕಿವಿ ಕೇಳಿಸದವನಂತೆ ಮುಂದೆ ಹೋದ. ಮತ್ತೆ ಕೇಳಿದಾಗ ನಿಂತ.

“ನಿನ್ನ ಉಚ್ಚೆಗೆ ಲಾರಿ ಕಾಯ್ತದೇನೇ? ಮುಚ್ಕೊಂಡು ಹೊಲಿ.”

ಸಾಲಿನಲ್ಲಿ ಯಾರೂ ತಲೆ ಎತ್ತಲಿಲ್ಲ. ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆ ಕಣ್ಣಿನಲ್ಲೇ ಕೂರು ಎಂದಳು. ಕೂತಳು. ಸ್ವಲ್ಪ ಹೊತ್ತಿಗೆ ಸ್ಟೂಲಿನಿಂದ ನೆಲಕ್ಕೆ ಹನಿಯಿತು, ಆಮೇಲೆ ಹರಿಯಿತು. ಮಡಿಲಲ್ಲಿದ್ದ ಬಿಳಿ ಅಂಗಿಯೂ ಒದ್ದೆಯಾಯಿತು.

ಸೂಪರ್‌ವೈಸರ್ ಮೊದಲು ಅಂಗಿಯನ್ನು ನೋಡಿದ. “ಥೂ ಮುಂಡೇದೇ, ದನದ ಕೊಟ್ಟಿಗೆ ಅಂದ್ಕೊಂಡ್ಯಾ?” ಒರೆಸಲು ಬಟ್ಟೆ ಕೇಳಿದವಳಿಗೆ ಅವಳದೇ ತಲೆವಸ್ತ್ರದತ್ತ ಬೆರಳು ತೋರಿಸಿದ.

ಒಂಟೆಯಕ್ಕನೂ ಬೈದದ್ದು ಸೊಸೆಯನ್ನೇ. “ಒಂದು ಗಳಿಗೆ ತಡ್ಕೊಳ್ಳೋಕಾಗ್ಲಿಲ್ವೇನೇ? ಮಾನ ಕಳೆದೆಯಲ್ಲೇ.”

ಸೊಸೆ ಮಂಡಿಯೂರಿ ಒರೆಸುತ್ತಿದ್ದಳು. ಹೊಟ್ಟೆ ಅಡ್ಡ ಬಂದು ಮಿಷನ್ನಿನ ಅಡಿಗೆ ಕೈ ಎಟುಕುತ್ತಿರಲಿಲ್ಲ.

ಸೂಪರ್‌ವೈಸರ್‌ಗೆ ಸಮಾಧಾನವಾಯಿತು. “ನಿಮ್ಮತ್ತೇನ ನೋಡಿ ಕಲಿ. ನೀರು ಕೇಳಲ್ಲ, ಹಲಗೆ ಕೇಳಲ್ಲ. ಜೀವ ಅಂದ್ರೆ ಅದು. ಅಲ್ವಾ ಒಂಟೆಯಕ್ಕ?”

ಹೌದೆನ್ನಲು ಒಂಟೆಯಕ್ಕ ಬಾಯಿ ತೆರೆದಳು. ನಾಲಿಗೆ ಅಂಗುಳಿಗೆ ಅಂಟಿಕೊಂಡಿತ್ತು.

ಮಿಷನ್ ನಿಲ್ಲಿಸಿ ಎದ್ದಳು. ಅವನ ಮೇಜಿನ ಮೇಲಿದ್ದ ಬಾಟಲಿ ಎತ್ತಿ, ಬಾಯಿಗೆ ಕಚ್ಚಿಕೊಂಡು, ತಳ ಕಾಣುವವರೆಗೆ ಕುಡಿದಳು. ಅದು ತನ್ನ ನೀರು ಎಂದು ಅವನು ತೊದಲಿದ.

“ಬಾಯಾರಿತ್ತು ಕಣಯ್ಯ,” ಎಂದಳು, ದಣಿದ ದನಿಯಲ್ಲಿ. “ಇಲ್ಲಿಗೆ ಸೇರಿದ ದಿನದಿಂದ ಬಾಯಾರಿದೆ.”

ಸೊಸೆಯ ಕೈಯಿಂದ ಒದ್ದೆ ತಲೆವಸ್ತ್ರ ಕಿತ್ತು ಅವನ ಮೇಜಿನ ಮೇಲೆ ಹಾಕಿದಳು. ರಟ್ಟೆ ಹಿಡಿದು ಎಬ್ಬಿಸಿ, ಯಾರನ್ನೂ ಕೇಳದೆ ಕಕ್ಕಸಿನ ಕಡೆ ನಡೆಸಿಕೊಂಡು ಹೋದಳು. ತೋಳು ಕೂರಿಸುವವಳೊಬ್ಬಳು ಅರ್ಧ ಎದ್ದು, ಮತ್ತೆ ಕೂತಳು. ಒಂಟೆಯಕ್ಕನಿಗೆ ಮೊದಲಿನಿಂದಲೂ ತಲೆ ಅಷ್ಟಕ್ಕಷ್ಟೇ, ನೀರಿಲ್ಲದೆ ಮೆದುಳು ಒಣಗಿದೆ ಎಂದು ಸಾಲಿನವರು ಮಾತಾಡಿಕೊಂಡರು. ತಮಗಂತೂ ಅಷ್ಟು ಅವಸರವಿಲ್ಲ ಎಂದುಕೊಂಡು ಹೊಲಿಯತೊಡಗಿದರು.

ಮರುದಿನ ಬೆಳಿಗ್ಗೆ ಅತ್ತೆ ಸೊಸೆ ಇಬ್ಬರನ್ನೂ ಗೇಟಿನಿಂದಲೇ ವಾಪಸು ಕಳಿಸಿದರು.