ರೇಡಿಯೊದ ಬೆಳಗಿನ ಬಿಡುವು

ನನ್ನ ತಮ್ಮ ದೇವರ ಪಾದ ಸೇರಿದ ಮೇಲೆ ಅವನ ಹೊಲಿಗೆ ಅಂಗಡಿಯನ್ನು ಅವನ ಹೆಂಡತಿ ನೋಡಿಕೊಂಡಳು. ರೇಡಿಯೊವನ್ನು ನಾನು ವಹಿಸಿಕೊಂಡೆ. ರೇಡಿಯೊ ಎಂದರೆ ಮೇಜಿನ ಮೇಲಿಡುವ ಪೆಟ್ಟಿಗೆಯಲ್ಲ. ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಫೋನಿನಲ್ಲಿ ಕೇಳಬಹುದಾದ ಪ್ರಾರ್ಥನೆ, ಭಕ್ತಿಗೀತೆ, ನಡುನಡುವೆ ತಮ್ಮನ ನಾಲ್ಕು ಮಾತು. ಮಾತಿನ ಹಿಂದೆ ಹೊಲಿಗೆ ಯಂತ್ರದ ಸದ್ದೂ ಕೇಳಿಸುತ್ತಿತ್ತು. ಎಲ್ಲವನ್ನೂ ಮೊದಲೇ ಧ್ವನಿಮುದ್ರಿಸಿಟ್ಟಿದ್ದರಿಂದ ಅವನು ಹೋದರೂ ಅವನ ದನಿ ಉಳಿದಿತ್ತು. ಅದು ನಿಲ್ಲಬಾರದು ಎಂಬುದೊಂದೇ ನನ್ನ ಆಸೆ.

ಆದರೆ ಅದು ದಿನವೂ ನಿಲ್ಲುತ್ತಿತ್ತು. ವೆಬ್‌ಸೈಟುಗಳನ್ನು ಇಡಲೆಂದು ಹೋಸ್ಟಿಂಗ್ ಕಂಪನಿಯವರು ನೂರಾರು ಜನರಿಗೆ ಹಂಚಿಕೊಡುವ ಜಾಗದಲ್ಲೇ ನನ್ನ ತಮ್ಮ ರೇಡಿಯೊದ ಪ್ರೋಗ್ರಾಮನ್ನೂ ಕೂರಿಸಿದ್ದ. ಒಂದೇ ನಲ್ಲಿಯ ಸಾಲುಮನೆ ಇದ್ದ ಹಾಗೆ ಅದು. ಬಿಂದಿಗೆ ತುಂಬಿಕೊಂಡು ಹೋಗುವವರಿಗೆ ಅಡ್ಡಿಯಿಲ್ಲ. ದಿನವಿಡೀ ನಲ್ಲಿ ತಿರುಗಿಸಿಟ್ಟವನನ್ನು ಯಾರು ಸಹಿಸುತ್ತಾರೆ? ಅಲ್ಲಿಯ ಕಾವಲು ಪ್ರೋಗ್ರಾಮು ಬೆಳಗಿನ ಜಾವ ಒಂದು ಸುತ್ತು ಬಂದು, ಬಹಳ ಹೊತ್ತಿನಿಂದ ಓಡುತ್ತಿರುವುದನ್ನೆಲ್ಲ ನಿಲ್ಲಿಸಿ ಹೋಗುತ್ತಿತ್ತು. ನನ್ನ ತಮ್ಮ ಸ್ನಾನ, ಪ್ರಾರ್ಥನೆ ಮುಗಿಸಿ, ಅಂಗಡಿಯ ಹಿಂದಿನ ಕೋಣೆಗೆ ಬಂದು ಕಂಪ್ಯೂಟರಿನಲ್ಲಿ ಬಟನ್ ಒತ್ತಿದರೆ ಹಾಡುಗಳ ಸಾಲು ಮೊದಲಿನಿಂದ ಶುರುವಾಗುತ್ತಿತ್ತು. ಮೊದಲು ಅವನದೊಂದು ಕೆಮ್ಮು. ಆಮೇಲೆ, "ಎದ್ದಿರಾ? ದೇವರು ಎಲ್ಲರನ್ನೂ ಚೆನ್ನಾಗಿಟ್ಟಿರಲಿ."

ಆಸ್ಪತ್ರೆಯಲ್ಲಿ ಅವನ ಉಸಿರು ನಿಂತಾಗ ನಾನು ಪಕ್ಕದಲ್ಲೇ ಕುಳಿತಿದ್ದೆ. ಆ ಕೋಣೆ ಹೇಗೆ ಸದ್ದಿಲ್ಲದಾಯಿತೋ ಹಾಗೆಯೇ ಪ್ರತಿ ಬೆಳಗ್ಗೆ ರೇಡಿಯೊ ಹಾಡಿನ ನಡುವೆ ತಟಕ್ಕನೆ ನಿಲ್ಲುತ್ತಿತ್ತು. ನಾನು ಹಾಸಿಗೆಯಿಂದೆದ್ದು, ಮುಖಕ್ಕೆ ನೀರು ಚಿಮುಕಿಸಿಕೊಂಡು, ಎರಡು ಬೀದಿ ದಾಟಿ ಅಂಗಡಿಗೆ ಬರುತ್ತಿದ್ದೆ. ತಮ್ಮನ ಹೆಂಡತಿ ಮಹಡಿಯಿಂದ ಇಳಿದು ಬಂದು ಬಾಗಿಲು ತೆಗೆಯುತ್ತಿದ್ದಳು.

"ಭಾವ, ನಿಮ್ಮ ಪ್ರಾರ್ಥನೆ ಆಯ್ತಾ?"

"ಆಮೇಲೆ ಮಾಡ್ತೀನಮ್ಮ. ಮೊದಲು ಇದು."

ಆಮೇಲೆ ಎಂಬುದು ಬರುತ್ತಲೇ ಇರಲಿಲ್ಲ. ಬುದ್ಧಿ ಬಂದಾಗಿನಿಂದ ತಪ್ಪಿಸದ ಬೆಳಗಿನ ಪ್ರಾರ್ಥನೆ ತಪ್ಪಿತು. ದೇವರ ಮುಂದೆ ನಿಂತು ಏನನ್ನು ಕೇಳಿಕೊಳ್ಳಬೇಕೋ ನನಗೂ ತೋಚುತ್ತಿರಲಿಲ್ಲ.

ಕೊನೆಗೆ ಹೋಸ್ಟಿಂಗ್ ಕಂಪನಿಗೆ ಫೋನು ಮಾಡಿದೆ. ಒಬ್ಬ ಹುಡುಗಿ ಮಾತಾಡಿದಳು.

"ಸರ್, ಅಲ್ಲಿ ಸ್ಟ್ರೀಮಿಂಗ್ ಸರ್ವರ್ ಹಾಕೋ ಹಾಗೇ ಇಲ್ಲ. ಇಷ್ಟು ದಿನ ನಿಮ್ಮ ಅಕೌಂಟ್ ಮುಚ್ಚದೇ ಇರೋದೇ ಹೆಚ್ಚು."

"ದೇವರ ಹಾಡು ಹಾಕಿದ್ದೀವಿ ತಾಯಿ, ಕಳ್ಳಮಾಲು ಇಟ್ಟಿಲ್ಲ."

"ದೇವರ ಹಾಡಾದ್ರೂ ಮಷೀನ್ ಸುಸ್ತಾಗತ್ತೆ ಸರ್. ಅದರಲ್ಲಿ ಬೇರೆಯವರೂ ಇದ್ದಾರಲ್ಲ. ನಿಮ್ಮದೇ ಒಂದು ಸರ್ವರ್ ತಗೊಳ್ಳಿ. ಆಗ ವರ್ಷಗಟ್ಟಲೆ ಓಡಿಸಿ, ಯಾರೂ ಕೇಳಲ್ಲ."

ಹಾಗೇ ಮಾಡಿದೆವು. ಅವಳು ಹೇಳಿದಂತೆ ತಮ್ಮನ ಕಡತಗಳನ್ನೆಲ್ಲ ಹೊಸ ಸರ್ವರಿಗೆ ಸಾಗಿಸಿದೆ. ಮರುದಿನ ಕತ್ತಲಿರುವಾಗಲೇ ಬಂದು ಸ್ಪೀಕರಿನ ಮುಂದೆ ಕುಳಿತೆ. ಎಂದಿನ ಹೊತ್ತು ಬಂತು, ಹೋಯಿತು. ಹಾಡು ನಿಲ್ಲಲಿಲ್ಲ. ಕಿಟಕಿಯಲ್ಲಿ ಬೆಳಕು ಮೂಡಿತು. ತಮ್ಮ ಮಾತಾಡುತ್ತಲೇ ಇದ್ದ. ಕಣ್ಣೊರೆಸಿಕೊಂಡು ಮನೆಗೆ ಹೋದೆ.

ಎರಡು ದಿನ ಕಳೆಯುವುದರೊಳಗೆ ಅಂಗಡಿಯ ಫೋನು ಬಡಿದುಕೊಳ್ಳತೊಡಗಿತು. ಮೊದಲು ಒಬ್ಬ ಬೇಕರಿಯವನು.

"ಯಜಮಾನ್ರೇ, ನಿಮ್ಮ ರೇಡಿಯೊ ಕೆಟ್ಟಿದೆ."

"ಇಲ್ವಲ್ಲಪ್ಪ, ಚೆನ್ನಾಗಿ ಓಡ್ತಾ ಇದೆ."

"ಅದನ್ನೇ ಹೇಳ್ತಿರೋದು. ನಿಲ್ತಾನೇ ಇಲ್ಲ!"

"ಯಾಕೆ ನಿಲ್ಲಬೇಕು?"

"ಬೆಳಗ್ಗೆ ಮೌನ ಪ್ರಾರ್ಥನೆ ಇರ್ತಿತ್ತಲ್ಲ? ಆ ಹೊತ್ತಿಗೆ ಭಟ್ಟಿ ಮುಂದೆ ಎಲ್ಲರೂ ಕಣ್ಣು ಮುಚ್ಕೊಂಡು ನಿಲ್ತಿದ್ವಿ. ಈಗ ನಮ್ಮ ಹುಡುಗ್ರು ಬಾಯಿ ಮುಚ್ಚೋದೇ ಇಲ್ಲ. ಯಾಕೆ ತೆಗೆದುಬಿಟ್ರಿ ಅದನ್ನ?"

ಆಮೇಲೆ ಒಬ್ಬ ನರ್ಸಮ್ಮ. ಆ ಮೌನದಲ್ಲಿ ವಾರ್ಡಿನ ರೋಗಿಗಳು ತಮ್ಮ ತಮ್ಮವರ ಹೆಸರು ಹೇಳಿಕೊಂಡು ಬೇಡಿಕೊಳ್ಳುತ್ತಿದ್ದರಂತೆ. "ನಿಮ್ಮ ತಮ್ಮ ಕೆಮ್ಮಿದ್ರೆ ನಮಗೆ ಬೆಳಗಾಯ್ತು ಅಂತ. ಈಗ ಮಧ್ಯಾಹ್ನ ಊಟ ಬಡಿಸ್ತಿರೋವಾಗ ಬಂದು 'ಎದ್ದಿರಾ' ಅಂತಾರೆ. ಒಬ್ಬ ಅಜ್ಜ ತಟ್ಟೆ ಬಿಟ್ಟು ಹಲ್ಲುಜ್ಜೋಕೆ ಹೊರಟ್ರು!"

ಹಾಡುಗಳ ಸಾಲು ಈಗ ಬೆಳಗ್ಗೆ ಮೊದಲಿನಿಂದ ಶುರುವಾಗದೆ ಎಡೆಬಿಡದೆ ಸುತ್ತುತ್ತಿದ್ದುದರಿಂದ ಮೊದಲಿನ ಮಾತು ಯಾವ ಯಾವುದೋ ಹೊತ್ತಿಗೆ ಬರುತ್ತಿತ್ತು. ಅದನ್ನು ಸರಿಪಡಿಸಬಹುದು. ಆದರೆ ಕಾವಲು ಪ್ರೋಗ್ರಾಮು ಕತ್ತು ಹಿಚುಕಿದ್ದನ್ನು ಇವರು ಮೌನ ಪ್ರಾರ್ಥನೆ ಎಂದುಕೊಂಡಿದ್ದರಲ್ಲ! ಫೋನು ಕೆಳಗಿಟ್ಟು ತಮ್ಮನ ಹೆಂಡತಿಗೆ ಹೇಳಿದೆ. ಅವಳು ಗುಂಡಿ ಹಚ್ಚುತ್ತಿದ್ದ ಅಂಗಿಯನ್ನು ಮಡಿಲಿಗೆ ಹಾಕಿಕೊಂಡು ನಗತೊಡಗಿದಳು. ತಮ್ಮ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ಕಂಡಿರಲಿಲ್ಲ.

"ನಿಮ್ಮ ತಮ್ಮನಿಗೆ ಇದು ಗೊತ್ತಿತ್ತು ಭಾವ. ಹಿಂದೆ ಯಾರೋ ಬಂದು, ನಿಮ್ಮ ಮೌನ ಬಹಳ ಚೆನ್ನಾಗಿದೆ ಅಂತ ಹೊಗಳಿ ಹೋದ್ರು. ಇವರು ಬಿದ್ದೂ ಬಿದ್ದೂ ನಕ್ರು. ಆವತ್ತಿಂದ ಸ್ನಾನ ಮುಗಿದ್ರೂ ತಕ್ಷಣ ಬಟನ್ ಒತ್ತೋಕೆ ಹೋಗ್ತಿರಲಿಲ್ಲ. ಮೌನಕ್ಕೂ ಕೇಳೋರು ಇದ್ದಾರಲ್ಲ, ಇರಲಿ ಬಿಡು ಅನ್ನೋರು. ಮತ್ತೆ ನಿಲ್ಲಿಸಿಬಿಡಿ, ಬೆಳಗ್ಗೆ ಸ್ವಲ್ಪ ಹೊತ್ತು."

"ಆಗಲ್ಲ," ಎಂದೆ.

"ಯಾಕೆ?"

"ನನ್ನ ಕೈಯಾರೆ ಅವನ ದನಿ ನಿಲ್ಲಿಸು ಅಂತೀಯಾ? ಒಂದು ಸಲ ನಿಂತಿದ್ದು ನೋಡಿದ್ದೀನಿ. ಸಾಕು."

ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

"ರೇಡಿಯೊದಲ್ಲಿ ಅವರು ಊರಿಗೆಲ್ಲ ಮಾತಾಡ್ತಿದ್ರು ಭಾವ. ಅದು ನಿಂತಿರೋ ಹೊತ್ತಲ್ಲಿ ನನ್ನ ಜೊತೆ ಮಾತಾಡ್ತಿದ್ರು. ಟೀ ಲೋಟ ಹಿಡ್ಕೊಂಡು ಈ ಸ್ಟೂಲ್ ಮೇಲೆ ಕೂತು. ನೀವು ಅವರ ದನಿ ಕಾಯ್ತಿದ್ದೀರಿ, ಸರಿ. ನನ್ನ ಪಾಲಿಂದು ಆ ಮೌನವೇ."

ನಾನು ಎದ್ದು ಮನೆಗೆ ಹೋದೆ. ಸಂಜೆ ಕಂಪನಿಯ ಹುಡುಗಿಗೆ ಮತ್ತೆ ಫೋನು ಮಾಡಿ, ರೇಡಿಯೊ ನಿಲ್ಲಿಸುವುದು ಹೇಗೆಂದು ಕೇಳಿದೆ.

"ನಿಲ್ಲಬಾರದು ಅಂತ ತಾನೇ ಸರ್ ಹೊಸ ಸರ್ವರ್ ತಗೊಂಡಿದ್ದು?"

"ಹೌದಮ್ಮ. ಈಗ ನಾವೇ ನಿಲ್ಲಿಸಬೇಕು."

ಅವಳು ಹೇಳಿಕೊಟ್ಟಳು. ಅದು ತಾನಾಗಿಯೇ ಆಗುವಂತೆ ಮಾಡಿಕೊಡಲೇ ಎಂದೂ ಕೇಳಿದಳು. ಬೇಡ, ಕೈಯಲ್ಲೇ ಮಾಡುತ್ತೇನೆ ಎಂದೆ.

ಮರುದಿನ ಬೆಳಗ್ಗೆ ಸ್ನಾನ ಮಾಡಿ ಅಂಗಡಿಗೆ ಬಂದೆ. ತಮ್ಮನ ಹೆಂಡತಿ ಎರಡು ಲೋಟ ಟೀ ತಂದು, ಸ್ಟೂಲನ್ನು ಕಂಪ್ಯೂಟರಿನ ಹತ್ತಿರ ಎಳೆದುಕೊಂಡು ಕುಳಿತಳು. ಹಾಡೊಂದು ಮುಗಿಯುವವರೆಗೆ ಕಾದೆ. ನಡುವೆ ಕತ್ತರಿಸಲು ಮನಸ್ಸಾಗಲಿಲ್ಲ. ಆಮೇಲೆ ಒತ್ತಿದೆ.

ಸದ್ದು ನಿಂತಿತು. ಆಸ್ಪತ್ರೆಯ ಕೋಣೆ ಕಣ್ಣ ಮುಂದೆ ಬಂತು. ಕೈ ಮತ್ತೆ ಬಟನ್ನಿನ ಕಡೆಗೆ ಹೋಯಿತು. ಪಕ್ಕದಲ್ಲಿ ಅವಳು ಕಣ್ಣು ಮುಚ್ಚಿದ್ದಳು, ತುಟಿ ಅಲುಗುತ್ತಿತ್ತು. ನಾನು ಕೈಯನ್ನು ಹಿಂದಕ್ಕೆ ತಂದು ಜೋಡಿಸಿಕೊಂಡೆ. ದೇವರೇ, ನನ್ನ ತಮ್ಮನನ್ನು ನೋಡಿಕೋ ಎಂದೆ. ಇಷ್ಟು ದಿನ ಬಾಯಿಗೆ ಬಾರದಿದ್ದ ಮಾತು ಅದೊಂದೇ. ಅದು ಬಂದ ಮೇಲೆ ಬೇಕರಿಯವನ ನೆನಪಾಯಿತು, ಕಾಣದ ಆ ವಾರ್ಡಿನ ನೆನಪಾಯಿತು, ಅವರಿಗೋಸ್ಕರವೂ ಬೇಡಿಕೊಂಡೆ.

"ಭಾವ," ಎಂದಳು ಅವಳು. "ಟೀ ಆರಿಹೋಯ್ತು. ನಿಮ್ಮ ತಮ್ಮ ಕೂಡ ಇಷ್ಟು ಹೊತ್ತು ಎಳೀತಿರಲಿಲ್ಲ. ಒತ್ತಿ ಇನ್ನ, ಆ ಅಜ್ಜ ಹಲ್ಲುಜ್ಜಬೇಕು."

ಒತ್ತಿದೆ. ತಮ್ಮ ಕೆಮ್ಮಿದ.