ಹೆರಿಯಣ್ಣನ ಸುಳ್ಳುಮೀನು

ನಾನು ಒಂದು ಸುಳ್ಳುಮೀನು. ಬೇಸರದಿಂದ ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ನನಗೆ ಹೊಟ್ಟೆಯಿಲ್ಲ. ಹೊಟ್ಟೆ ಇರಬೇಕಾದ ಕಡೆ ಒಂದು ಕೊಕ್ಕೆ, ಬಾಲದಲ್ಲಿ ಇನ್ನೊಂದು. ನಿಜವಾದ ಮೀನು ನನ್ನನ್ನು ತನ್ನ ಜಾತಿಯದೆಂದು ನಂಬಿ ಬಾಯಿ ಹಾಕಬೇಕು, ಅಷ್ಟೇ ನನ್ನ ಕೆಲಸ.

ಗಂಗೊಳ್ಳಿಯಲ್ಲಿ ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರ ಹೆರಿಯಣ್ಣನ ಮನೆ. ಅಲ್ಲಿಯ ಜಗಲಿಯಲ್ಲಿ ನಾನು ಹುಟ್ಟಿದೆ. ಅದಕ್ಕೂ ಮೊದಲು ಅವನ ಬಲೆಯನ್ನು ತೇಲಿಸುವ ಮರದ ಬೆಂಡಾಗಿದ್ದೆ. ಪಾರ್ಶ್ವವಾಯು ಬಡಿದು ಅವನ ಬಲಗೈ ಸೋತ ಮೇಲೆ ಬಲೆ ಬೇರೆಯವರ ದೋಣಿ ಸೇರಿತು, ಈ ಒಂದು ಬೆಂಡು ಮಾತ್ರ ಮೂಲೆಯಲ್ಲಿ ಉಳಿಯಿತು. ಒಂದು ದಿನ ಅವನು ನನ್ನನ್ನು ಕಾಲ್ಬೆರಳುಗಳ ನಡುವೆ ಸಿಕ್ಕಿಸಿಕೊಂಡು, ಎಡಗೈಯಲ್ಲಿ ಚೂರಿ ಹಿಡಿದು ಕೆತ್ತಲು ಕೂತ. ಅಭ್ಯಾಸವಿಲ್ಲದ ಕೈ ನೋಡಿ, ನನ್ನ ಒಂದು ಕೆನ್ನೆ ದಪ್ಪ, ಇನ್ನೊಂದು ಸಪೂರ. ನೀರಿಗಿಳಿದರೆ ವಾಲುತ್ತಾ ಹೋಗುತ್ತೇನೆ. ಅದೂ ಒಳ್ಳೆಯದೇ ಆಯಿತೆನ್ನಿ, ಪೆಟ್ಟು ತಿಂದ ಮೀನು ಹಾಗೆಯೇ ಈಜುವುದು.

ಹೆರಿಯಣ್ಣನಿಗೆ ನಾನು ಯಾಕೆ ಬೇಕಾಗಿತ್ತೆಂದರೆ, ಅವನ ಹೆಂಡತಿ ಅಕ್ಕಣಿ ಬುಟ್ಟಿ ಹೊತ್ತು ಮೀನು ಮಾರುವವಳು. ಮೊದಲು ಗಂಡ ಹಿಡಿದದ್ದನ್ನು ಮಾರುತ್ತಿದ್ದಳು, ಈಗ ಬೇರೆಯವರು ಹಿಡಿದದ್ದನ್ನು. ಸಂಜೆ ಬುಟ್ಟಿಯಲ್ಲಿ ಉಳಿದದ್ದು ಮನೆಯ ಸಾರಾಗುತ್ತಿತ್ತು. ಆ ಸಾರು ಬಡಿಸಿದಾಗ ಹೆರಿಯಣ್ಣ ತಲೆ ಎತ್ತದೆ ಉಣ್ಣುತ್ತಿದ್ದ. ತಾನೇ ಹಿಡಿದ ಒಂದೇ ಒಂದು ಮೀನನ್ನು ಅವಳ ಕೈಗೆ ಕೊಡಬೇಕು ಎನ್ನುವುದು ಅವನ ಆಸೆ. ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ನನ್ನನ್ನು ಉಜ್ಜುತ್ತಾ ಒಬ್ಬನೇ ಗೊಣಗಿಕೊಳ್ಳುತ್ತಿದ್ದ, ಹಾಗಾಗಿ ನನಗೆ ಗೊತ್ತು.

ನನಗೆ ಮಾಡಿದ ಉಪಚಾರ ಒಂದೆರಡಲ್ಲ. ಅವನು ನುಂಗುವ ಮಾತ್ರೆಗಳ ಬೆಳ್ಳಿಹಾಳೆಯನ್ನು ಸಣ್ಣಗೆ ಕತ್ತರಿಸಿ ಮೈಮೇಲೆ ಹುರುಪೆಯಂತೆ ಅಂಟಿಸಿದ. ಅಕ್ಕಣಿಯ ಹಳೆ ಸೀರೆಯ ಚಮಕಿ ಬಿಡಿಸಿ ಕಣ್ಣು ಮಾಡಿದ. ಬೆನ್ನಲ್ಲಿ ತೂತು ಕೊರೆದು ಹತ್ತಿ ತುರುಕಿ, ಸಿಗಡಿಯ ತಲೆ ಜಜ್ಜಿದ ರಸವನ್ನು ಬೆಳ್ಳುಳ್ಳಿಯ ಜೊತೆ ಕುದಿಸಿ ಅದಕ್ಕೆ ಹನಿಸಿದ. ಅಳಿವೆಯ ಬಂಡೆಯ ಮೇಲೆ ಅವನ ಪಕ್ಕದಲ್ಲಿ ಗಾಳ ಹಾಕುವ ಬಚ್ಚ ಎಂಬವನು ನನ್ನನ್ನು ನೋಡಿ, “ಹೆರಿಯಣ್ಣ, ನಿಮ್ಮ್ ಮೀನ್ ಮದಿಗೆ ಹೊರ್ಟಂಗ್ ಕಾಂತ್ ಅಲ್ದಾ” ಎಂದು ಕೀಟಲೆ ಮಾಡಿದ. ಮದುವೆಗೆ ಹೊರಟವನಷ್ಟೇ ಜಂಬ ನನಗೂ ಇತ್ತು.

ಆದರೆ ಮೀನು ಬರಲಿಲ್ಲ. ಬರಲಿಲ್ಲ ಎಂದರೆ ತಪ್ಪಾಗುತ್ತದೆ, ಬರುತ್ತಿದ್ದವು. ಕೆಂಪು ಮೈಯ ದೊಡ್ಡ ಕೆಂಬೇರಿಗಳು ನನ್ನ ಹೊಳಪು ಕಂಡು ಬಂಡೆಯ ಸಂದಿಯಿಂದ ಓಡಿ ಬರುತ್ತಿದ್ದವು. ಹತ್ತಿರ ಬಂದು, ಬಾಯಿ ತೆರೆಯುವಷ್ಟರಲ್ಲಿ ಮುಖ ತಿರುಗಿಸಿ ಹೋಗುತ್ತಿದ್ದವು. ಕಾರಣ ನನಗೆ ಗೊತ್ತಿತ್ತು, ಹೇಳಲು ನಾಲಗೆ ಇರಲಿಲ್ಲ. ಪ್ರತಿದಿನ ಬೆಳಿಗ್ಗೆ ಬುಟ್ಟಿ ಹೊರುವ ಮೊದಲು ಅಕ್ಕಣಿ ಗಂಡನ ಬಲಗೈಗೆ ವೈದ್ಯರು ಕೊಟ್ಟ ಕಷಾಯದೆಣ್ಣೆ ಹಚ್ಚಿ ತಿಕ್ಕುತ್ತಿದ್ದಳು. ಆ ಎಣ್ಣೆಯ ಘಾಟು ಅವನ ಬೆರಳಿಂದ ನನ್ನ ಮೈಗೆ ಹತ್ತುತ್ತಿತ್ತು. ಸಿಗಡಿ ರಸ, ಬೆಳ್ಳುಳ್ಳಿ ಎಲ್ಲ ಅದರ ಮುಂದೆ ಲೆಕ್ಕಕ್ಕೇ ಇಲ್ಲ.

ಅಕ್ಕಣಿ ತಂಗಿಯ ಮನೆಗೆ ಹೋಗಿದ್ದಾಗ ಕೆಲವು ದಿನ ಎಣ್ಣೆ ತಪ್ಪಿತು. ಕೊನೆಯ ದಿನ ನಾನು ನೀರಿಗಿಳಿದದ್ದೇ ತಡ, ಒಂದು ಕೆಂಬೇರಿ ನನ್ನ ಬಾಲ ಕಚ್ಚಿ ಎಳೆಯಿತು. ಆದರೆ ಎಣ್ಣೆಯಿಲ್ಲದೆ ಹೆರಿಯಣ್ಣನ ಬಲಗೈ ಸೆಟೆದುಕೊಂಡಿತ್ತು, ಹಿಡಿತ ಸಾಲದೆ ಮೀನು ಕೊಕ್ಕೆ ಬಿಡಿಸಿಕೊಂಡು ಹೋಯಿತು. ಅವನು ನನ್ನನ್ನು ಮೂಸಿದ. ತನ್ನ ಕೈ ಮೂಸಿದ. ಎರಡರಲ್ಲೂ ಎಣ್ಣೆಯ ಘಾಟು ಇರಲಿಲ್ಲ.

ಅಂದಿನಿಂದ ಎಣ್ಣೆ ಹಚ್ಚಿಸಿಕೊಳ್ಳದಿರಲು ನೆಪ ಹೇಳತೊಡಗಿದ. ಒಂದು ದಿನ ಸೆಖೆ, ಒಂದು ದಿನ ತುರಿಕೆ. ಅಕ್ಕಣಿ ಎಣ್ಣೆ ಬಟ್ಟಲು ಹಿಡಿದು ನಿಂತೇ ಇರುತ್ತಿದ್ದಳು, ಇವನು ಅವಳ ಮುಖ ನೋಡದೆ ಗಾಳದ ಕೋಲು ಎತ್ತಿಕೊಳ್ಳುತ್ತಿದ್ದ. ಕೈ ಮತ್ತಷ್ಟು ಬಿಗಿಯಿತು, ಕಚ್ಚಿದ ಮೀನನ್ನು ಎಳೆಯುವುದಿರಲಿ, ಅಂಗಿಯ ಗುಂಡಿ ಹಾಕಲೂ ಬಾರದಾಯಿತು. ಅವಳು ಒಂದು ಬೆಳಿಗ್ಗೆ ಬುಟ್ಟಿಯನ್ನು ಕೆಳಗಿಟ್ಟು ಬಾಗಿಲಿಗೆ ಅಡ್ಡ ಕೂತಳು.

“ಕೈ ಕಾಣಿ, ಕೊರಡ್ ಆಯ್ತ್. ನಾ ಹಚ್ಚೂದ್ ಬ್ಯಾಡ ಅಂದ್ರೆ ಬ್ಯಾಡ ಅನ್ನಿ. ಎಂತಕ್ಕೆ ಅಂಬುದಾರೂ ಹೇಳಿ ಕಾಂಬ.”

ಹೆರಿಯಣ್ಣ ನನ್ನನ್ನು ತಿರುಗಿಸಿ ಮುರುಗಿಸಿ ನೋಡಿದ. ಕೊನೆಗೆ, “ಹೆಣೆ, ಎಣ್ಣಿ ವಾಸ್ನಿಗೆ ಮೀನ್ ಬತ್ತಿಲ್ಲೆ” ಎಂದ. “ನೀ ಹಚ್ಚೂದೂ ಬೇಕ್ ನಂಗೆ. ಮೀನೂ ಬೇಕ್. ಒಂದಾರೂ ನಿನ್ ಕೈಗೆ ಕೊಡ್ಕ್.”

ಅವಳ ಕಣ್ಣು ತುಂಬಿತು. “ಇದನ್ ಹೇಳುಕೆ ಇಷ್ಟ್ ದಿನ ಬೇಕಾಯ್ತಾ ನಿಮ್ಗೆ?” ಎಂದವಳು ತನ್ನ ಅಂಗೈಯನ್ನು ಅವನ ಮೂಗಿಗೆ ಹಿಡಿದಳು. “ಮೂಸಿ ಕಾಣಿ. ನಿಂಬಿಹುಳಿ ತಿಕ್ರೂ ಹೋಪುದಿಲ್ಲೆ ಈ ಮೀನ್ ವಾಸ್ನಿ. ನಾ ಕಟ್ತೆ ನಿಮ್ಮ್ ಗಾಳ.”

ಆ ಮನೆಯಲ್ಲಿ ಹೆಂಗಸರು ಬಲೆ, ಗಾಳ ಮುಟ್ಟುವ ಪದ್ಧತಿ ಇರಲಿಲ್ಲ. ಮುಟ್ಟಿದರೆ ಮೀನು ಮುನಿಯುತ್ತದೆ ಎಂದು ಹೆರಿಯಣ್ಣನ ಅಜ್ಜನೂ ನಂಬಿದ್ದ, ಅಪ್ಪನೂ ನಂಬಿದ್ದ. ಹೆರಿಯಣ್ಣ ನನ್ನನ್ನು ಅವಳ ಮಡಿಲಿಗೆ ಹಾಕಿದ. ನಾನು ಕೈ ಬದಲಾಯಿಸಿದ್ದು ಆಗಲೇ.

ಅಕ್ಕಣಿ ಬೂದಿ ಹಾಕಿ ನನ್ನನ್ನು ತಿಕ್ಕಿ ತೊಳೆದಳು. ಬೆನ್ನಿಗೆ ಹೊಸ ಹತ್ತಿ, ಹೊಸ ರಸ. ಬುಟ್ಟಿಯ ತಳದ ಮೀನಿನ ನೀರಲ್ಲಿ ಒಂದು ಸಲ ಅದ್ದಿದಳು. ಆಮೇಲೆ ಗಂಡನ ಕೈಗೆ ನಿಧಾನವಾಗಿ ಎಣ್ಣೆ ತಿಕ್ಕಿ, ಕೈ ತೊಳೆದುಕೊಂಡು, ಮಾರಾಟ ಬಿಟ್ಟು ಅವನ ಜೊತೆಯೇ ಬಂಡೆಗೆ ಬಂದಳು. ಅವನು ನನ್ನನ್ನು ಬೆರಳಿಂದಲೂ ಮುಟ್ಟಲಿಲ್ಲ. ಅವಳು ಗಂಟು ಹಾಕಿದಳು, ಅವನು ಎಡಗೈಯಿಂದ ಬೀಸಿದ.

ಬೆಳಿಗ್ಗೆಯೆಲ್ಲ ಕಾದದ್ದೇ ಬಂತು. ನೀರು ಏರತೊಡಗಿದಾಗ ಕೆಂಬೇರಿ ಬಂದು, ಮೂಸಿ, ಬಾಯಿ ಹಾಕಿತು. ಅಬ್ಬಾ, ಅದರ ಹಲ್ಲು! ನನ್ನ ಬೆಳ್ಳಿಹಾಳೆಯೆಲ್ಲ ಕಿತ್ತುಹೋಯಿತು. ಹೆರಿಯಣ್ಣ ಎಡಗೈಯಲ್ಲಿ ಕೋಲು ಹಿಡಿದು, ಎಣ್ಣೆಯಿಂದ ಸಡಿಲಾದ ಬಲಗೈಯಲ್ಲಿ ದಾರ ಸುತ್ತಿದ. ಅಕ್ಕಣಿ ನೆರವಿಗೆ ಕೈ ಚಾಚಿ, ಹಾಗೆಯೇ ಹಿಂದಕ್ಕೆ ತೆಗೆದುಕೊಂಡಳು. ಮೀನು ದಡಕ್ಕೆ ಬಂತು. ಅವನು ಅದನ್ನು ಎರಡೂ ಕೈಯಲ್ಲಿ ಎತ್ತಿ ಅವಳ ಕೈಗೆ ಕೊಟ್ಟ. ಇಬ್ಬರೂ ಅಳುತ್ತಿದ್ದರು, ನಾನು ಇನ್ನೂ ಮೀನಿನ ಬಾಯಲ್ಲೇ ಇದ್ದೆ.

ಆಮೇಲೆ ಎಷ್ಟೋ ಮಳೆಗಾಲ ಕಳೆದವು, ಎಷ್ಟೋ ಮೀನು ಸಿಕ್ಕವು. ಈಗ ನನ್ನ ಬಾಲ ಮುರಿದಿದೆ, ಒಂದು ಕಣ್ಣಿಲ್ಲ. ಕೊಕ್ಕೆ ಬಿಚ್ಚಿ ನನ್ನನ್ನು ಅಡುಗೆಮನೆಯ ಕಿಟಕಿಗೆ ಕಟ್ಟಿದ್ದಾರೆ. ನೀರಿನ ನೆನಪಾಗುತ್ತದೆ, ಆದರೆ ಈಜುವ ಮೀನುಗಳ ಮೇಲೆ ಹೊಟ್ಟೆಕಿಚ್ಚಿಲ್ಲ. ಮೊನ್ನೆ ಅಕ್ಕಣಿ ನನಗೆ ಹೊಸ ಬಾಲ ಹಚ್ಚೋಣವೇ ಎಂದು ಗಂಡನನ್ನು ಕೇಳಿದಳು. ಹೆರಿಯಣ್ಣನಿಗೂ ಈಗ ಬಂಡೆ ಹತ್ತುವ ಶಕ್ತಿಯಿಲ್ಲ.

“ಬ್ಯಾಡ. ಅದ್ ಮಾಡಿದ್ ಸಾಕ್. ಕೂಕಣ್ಲಿ” ಎಂದ.

“ನೀವೂ ಕೂಕಣಿ” ಎಂದು ಅಕ್ಕಣಿ ಮಣೆ ಹಾಕಿ ಸಾರು ಬಡಿಸಿದಳು. ಬೇರೆಯವರು ಹಿಡಿದ ಮೀನಿನ ಸಾರು. ಹೆರಿಯಣ್ಣ ಅವಳ ಮುಖ ನೋಡುತ್ತಾ ಉಂಡ.